ಇನ್ನೊಂದು ಕೋಲು

ಕೈ ನಡುಗದಂತೆ ಮಾಡುವ ಔಷಧಿಯೊಂದು ಅದರ ಜೊತೆಗೆ ಎದೆ ನಡುಗುವುದನ್ನೂ ನಿಲ್ಲಿಸಿಬಿಟ್ಟರೆ ಏನಾಗುತ್ತದೆ? ಈ ಪ್ರಶ್ನೆಯನ್ನು ನಾವು ಕೇಳಿಕೊಂಡೇ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಕೇಳಿಕೊಂಡಿದ್ದೆವು. ಅದಕ್ಕೊಂದು ಫಾರಂ ಮಾಡಿದ್ದೆವು, ಫಾರಮಿನಲ್ಲಿ ಹನ್ನೆರಡು ಕಾಲಂ ಮಾಡಿದ್ದೆವು, ಹನ್ನೆರಡಕ್ಕೂ ಉತ್ತರ ಬರೆಸಿಕೊಂಡು ಕಪಾಟಿನಲ್ಲಿಟ್ಟು ಬೀಗ ಹಾಕಿದ್ದೆವು. ನಮ್ಮಂಥವರು ಪ್ರಶ್ನೆಗಳನ್ನು ತೀರಿಸುವ ರೀತಿ ಅದು.

ನನ್ನ ಹೆಸರು ಜೆಸಿಂತಾ ಡಾಯಸ್. ಮಂಗಳೂರಿನ ಒಂದು ಆಸ್ಪತ್ರೆಯ ಮೂರನೆಯ ಮಾಳಿಗೆಯಲ್ಲಿ, ಕಿಟಕಿಯೇ ಇಲ್ಲದ ಕೋಣೆಯಲ್ಲಿ ಕೂತು, ಇಪ್ಪತ್ತೆಂಟು ಜನರ ಮೆದುಳಿಗೆ ಹೋಗುವ ಔಷಧಿಯ ಪ್ರಮಾಣ ನೋಡಿಕೊಳ್ಳುವುದು ನನ್ನ ಕೆಲಸವಾಗಿತ್ತು. ಇಪ್ಪತ್ತೆಂಟೂ ಜನ ಪಾರ್ಕಿನ್ಸನ್ ಕಾಯಿಲೆಯವರು. ಕೈ ನಡುಗುವುದು, ಹೆಜ್ಜೆ ಎತ್ತಲಾಗದೆ ನಿಂತಲ್ಲೇ ನಿಂತುಬಿಡುವುದು, ಮುಖ ಮರಗಟ್ಟುವುದು. ಅವರೆಲ್ಲರ ಎದೆಯ ಚರ್ಮದ ಕೆಳಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಪಂಪು, ಮಣಿಕಟ್ಟಿನಲ್ಲಿ ಒಂದು ಪಟ್ಟಿ. ಪಟ್ಟಿ ಅವರ ಕೈಯ ಚಲನೆಯನ್ನೂ ನಾಡಿಯನ್ನೂ ನನ್ನ ಪರದೆಗೆ ಕಳಿಸುತ್ತಿತ್ತು. ಪಂಪಿಗೆ ಸೊನ್ನೆಯಿಂದ ಹತ್ತರವರೆಗಿನ ನಂಬರು. ಆ ನಂಬರನ್ನು ನಾನು ಇಲ್ಲಿಂದಲೇ ಬದಲಿಸಬಹುದಿತ್ತು.

ಸ್ವಲ್ಪ ವಿಜ್ಞಾನ ಹೇಳಲೇಬೇಕು, ಬೇಗ ಮುಗಿಸುತ್ತೇನೆ. ಮೆದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕವಿದೆ. ನರಕೋಶಗಳ ಮೈಮೇಲೆ ಗ್ರಾಹಕಗಳೆಂಬ ಬೀಗಗಳಿವೆ. ಡೋಪಮಿನ್ ಅವುಗಳ ಕೀಲಿಕೈ. ಪಾರ್ಕಿನ್ಸನ್ ಬಂದವರಲ್ಲಿ ಈ ಕೀಲಿಕೈಗಳು ಕಡಿಮೆಯಾಗುತ್ತ ಹೋಗುತ್ತವೆ. ಹಾಗಾಗಿ ವೈದ್ಯರು ನಕಲಿ ಕೀಲಿಕೈ ಕೊಡುತ್ತಾರೆ. ತೊಂದರೆ ಏನೆಂದರೆ ಬೀಗಗಳಲ್ಲಿ ಜಾತಿಗಳಿವೆ. ಒಂದು ಜಾತಿಯವು ಕೈಕಾಲು ಆಡಿಸುವ ಜಾಗದಲ್ಲಿ ಹೆಚ್ಚು, ಇನ್ನೊಂದು ಜಾತಿಯವು ಆಸೆ ಹುಟ್ಟುವ ಜಾಗದಲ್ಲಿ ಹೆಚ್ಚು. ಹಳೆಯ ಮಾತ್ರೆಗಳು ಎರಡನ್ನೂ ತೆರೆಯುತ್ತಿದ್ದವು. ಅದರಿಂದ, ಆಯುಷ್ಯದಲ್ಲಿ ಇಸ್ಪೀಟು ಮುಟ್ಟದ ಕೆಲವರು ಜೂಜಿಗೆ ಬಿದ್ದರು. ಸೋಲಿನ ಹೆದರಿಕೆ ಅವರಿಗೆ ತಟ್ಟುತ್ತಿರಲಿಲ್ಲ, ಮುಂದಿನ ಸಲ ಗೆಲ್ಲುತ್ತೇನೆಂಬುದು ಮಾತ್ರ ತಟ್ಟುತ್ತಿತ್ತು. ನಮ್ಮ ಹೊಸ ಔಷಧಿ ಕೈಕಾಲಿನ ಬೀಗವನ್ನಷ್ಟೇ ತೆರೆಯುತ್ತದೆ ಎಂಬುದು ನಮ್ಮ ಹೆಮ್ಮೆ. ಒಂದು ವೇಳೆ ಎಡವಟ್ಟಾದರೆ ಇರಲಿ ಎಂದು ಪಂಪಿನಲ್ಲಿ ಎರಡನೆಯ ಕೋಣೆಯೊಂದಿತ್ತು. ಅದರಲ್ಲಿ ಬೀಗದ ಕಂಡಿಗೆ ಮೇಣ ತುಂಬಿದಂತೆ ಮಾಡುವ ಔಷಧಿ. ಬಿಟ್ಟರೆ ಇಪ್ಪತ್ತು ನಿಮಿಷದಲ್ಲಿ ನಂಬರು ಏಳರವರು ಮೂರಕ್ಕಿಳಿಯುತ್ತಿದ್ದರು.

ಐತಪ್ಪ ನಾಯ್ಕರು ಹದಿನೇಳನೆಯವರಾಗಿ ಬಂದರು. ವಿಟ್ಲದಿಂದಾಚೆ ಗುಡ್ಡದ ಮೇಲಿನ ಕುಂಟಾಲಪಾದೆಯವರು. ಅರವತ್ತೊಂದು ವರ್ಷ. ಕಸುಬು ಸುರಂಗ ಕೊರೆಯುವುದು. ಸುರಂಗವೆಂದರೆ ರೈಲಿನದ್ದಲ್ಲ, ನೀರಿನದ್ದು. ಬಾವಿ ಕೆಳಕ್ಕೆ ಹೋದರೆ ಇದು ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಹೋಗುತ್ತದೆ, ಒಬ್ಬ ಮನುಷ್ಯ ಬಗ್ಗಿ ನಿಲ್ಲುವಷ್ಟು ಎತ್ತರ, ಅಗಲ ಎರಡು ಭುಜದಷ್ಟು. ಮುಂದೆ ಒಬ್ಬ ಪಿಕಾಸಿಯಲ್ಲಿ ಅಗೆಯುತ್ತಾನೆ, ಹಿಂದಿನವನು ಮಣ್ಣನ್ನು ಬುಟ್ಟಿಯಲ್ಲಿ ಹೊರಗೆ ಸಾಗಿಸುತ್ತಾನೆ. ಅಳತೆ ಕೋಲಿನಲ್ಲಿ. ಒಂದು ಕೋಲೆಂದರೆ ಹೆಚ್ಚುಕಡಿಮೆ ಎರಡೂವರೆ ಅಡಿ. ಎಲ್ಲೋ ಒಂದು ಕಡೆ ಗೋಡೆ ಬೆವರುತ್ತದೆ, ಆಮೇಲೆ ತೊಟ್ಟಿಕ್ಕುತ್ತದೆ, ಆಮೇಲೆ ನೀರು ತಾನಾಗಿ ಹೊರಗೆ ಹರಿದುಬರುತ್ತದೆ. ಬರದೆಯೂ ಇರಬಹುದು. ಅವರು ನಲವತ್ತೆರಡು ವರ್ಷಗಳಲ್ಲಿ ಊರವರಿಗೆ ಐವತ್ತಕ್ಕೂ ಹೆಚ್ಚು ಸುರಂಗ ಕೊರೆದಿದ್ದರು. ಅವರ ಕೈಕೆಳಗೆ ಒಬ್ಬನಿಗೂ ಗಾಯವಾಗಿರಲಿಲ್ಲ.

"ಅಷ್ಟು ವರ್ಷ ಅದು ಹೇಗೆ ಸಾಧ್ಯ ಆಯ್ತು ಐತಪ್ಪಣ್ಣ?" ಎಂದು ಮೊದಲ ದಿನ ಕೇಳಿದ್ದೆ.

"ಹೆದರಿ ಹೆದರಿ ಹೋಗುವುದು ಡಾಕ್ಟ್ರಮ್ಮ," ಎಂದರು. "ಒಳಗೆ ಎಣ್ಣೆ ದೀಪ ಇಡ್ತೇವೆ. ದೀಪ ಬಾಡಿತು ಅಂದ್ರೆ ಗಾಳಿ ಇಲ್ಲ, ವಾಪಸ್. ಬಿಳಿ ಶೇಡಿ ಮಣ್ಣು ಸಿಕ್ಕಿತು ಅಂದ್ರೆ ಅದು ಕುಸಿಯುವ ಮಣ್ಣು, ವಾಪಸ್. ಮೂವತ್ತು ಕೋಲಿಗೆ ಗೋಡೆ ಬೆವರದಿದ್ರೆ ಆ ಜಾಗ ಬಿಟ್ಟೇ ಬಿಡುವುದು. ಮತ್ತೆ ಒಂದು ಕ್ರಮ ಉಂಟು, ಮುಂದೆ ಅಗೆಯುವವ ಯಾವಾಗಲೂ ಕಡೆಗೆ ಹೊರಗೆ ಬರಬೇಕು. ಹಿಂದಿನವ ಹೊರಗೆ ಬಿದ್ದ ಮೇಲೆಯೇ ಅವ."

ಇಷ್ಟು ಹೇಳುವಾಗ ಅವರ ಬಲಗೈ ತೊಡೆಯ ಮೇಲೆ ಒಂದೇ ಸಮನೆ ಕುಣಿಯುತ್ತಿತ್ತು. ಎಡಗೈಯಿಂದ ಅದನ್ನು ಹಿಡಿದುಕೊಂಡು ನಾಚಿಕೆಯಿಂದ ನಕ್ಕರು. ನನಗೆ ಆ ಮನುಷ್ಯ ಅಲ್ಲೇ ಇಷ್ಟವಾಗಿಬಿಟ್ಟರು, ಅದನ್ನು ಮುಚ್ಚಿಡುವುದಿಲ್ಲ.

ನಂಬರು ಏಳಕ್ಕೆ ಬಂದಾಗ ಅವರ ಕೈ ನಿಂತಿತು. ಪರದೆಯ ಮೇಲಿನ ಗೀಟು ಕೆರೆಯ ನೀರಿನ ಹಾಗೆ ಸಮವಾಯಿತು. ನಮ್ಮ ಮುಖ್ಯಸ್ಥರಾದ ಪ್ರೊಫೆಸರ್ ಕೆದಿಲಾಯರು ಆ ಗೀಟನ್ನು ತಮ್ಮ ಭಾಷಣಗಳಲ್ಲಿ ತೋರಿಸತೊಡಗಿದರು. ಹನ್ನೆರಡು ಕಾಲಮಿನ ಫಾರಮಿಗೆ ಐತಪ್ಪ ನಾಯ್ಕರು ಕೊಟ್ಟ ಉತ್ತರವೂ ಅಷ್ಟೇ ಸಮ. ಇಸ್ಪೀಟು? ಇಲ್ಲ. ಲಾಟರಿ? ಇಲ್ಲ. ಕೋಳಿ ಅಂಕದ ಪಂದ್ಯ? ನೋಡುವುದೂ ಇಲ್ಲ. ಮೊಬೈಲಿನ ಆಟ? ಅದು ಹೇಗೆಂದು ಗೊತ್ತಿಲ್ಲ.

ಫಾರಮಿನ ಜೊತೆಗೊಂದು ಪರೀಕ್ಷೆಯೂ ಇತ್ತು. ಪರದೆಯ ಮೇಲೆ ನಾಲ್ಕು ಕಟ್ಟು ಇಸ್ಪೀಟು ಎಲೆಗಳು ಬರುತ್ತವೆ. ಎರಡು ಕಟ್ಟುಗಳಲ್ಲಿ ದೊಡ್ಡ ಗೆಲುವು, ಅದಕ್ಕಿಂತ ದೊಡ್ಡ ಸೋಲು. ಇನ್ನೆರಡರಲ್ಲಿ ಸಣ್ಣ ಗೆಲುವು, ಅದಕ್ಕಿಂತ ಸಣ್ಣ ಸೋಲು. ಅಪಾಯದ ಅಂದಾಜು ಇರುವವರು ಸ್ವಲ್ಪ ಹೊತ್ತಿಗೆ ಸಣ್ಣದರ ಕಡೆಗೆ ಸರಿಯುತ್ತಾರೆ. ಐತಪ್ಪ ನಾಯ್ಕರು ಐದೇ ನಿಮಿಷದಲ್ಲಿ ಸರಿದರು. ಆಮೇಲೆ ಆಕಳಿಸಿದರು.

"ಇದರಲ್ಲಿ ಎಂತ ಉಂಟು ಡಾಕ್ಟ್ರಮ್ಮ? ಆಚೆಗೆ ಏನೂ ಇಲ್ಲವಲ್ಲ," ಎಂದರು.

ಆ ಮಾತನ್ನು ನಾನು ತಮಾಷೆಯೆಂದು ಟಿಪ್ಪಣಿ ಮಾಡಿಕೊಂಡೆ. ಪರೀಕ್ಷೆಯ ಫಲಿತಾಂಶ 'ಸುರಕ್ಷಿತ' ಎಂದು ಬಂತು. ಎಲೆಗಳು ಅವರನ್ನು ಕೆಣಕಲಿಲ್ಲ, ಅಷ್ಟೇ. ಅವರನ್ನು ಕೆಣಕುವುದು ಏನೆಂದು ನಾವ್ಯಾರೂ ಕೇಳಿರಲಿಲ್ಲ. ಹನ್ನೆರಡು ಕಾಲಂಗಳಲ್ಲಿ ನೀರಿಗೊಂದು ಕಾಲಂ ಇರಲಿಲ್ಲ.

ಮೂರನೆಯ ತಿಂಗಳಿನಿಂದ ಅವರ ಗೀಟಿನಲ್ಲಿ ದಿನಾ ಒಂದು ಖಾಲಿ ಜಾಗ ಕಾಣಿಸತೊಡಗಿತು. ಬೆಳಿಗ್ಗೆ ಒಂಬತ್ತರಿಂದ ಹನ್ನೆರಡೂವರೆ, ಮತ್ತೆ ಎರಡರಿಂದ ಐದು. ಆ ಹೊತ್ತಿನಲ್ಲಿ ಪಟ್ಟಿಯಿಂದ ಸುದ್ದಿಯೇ ಇಲ್ಲ. 'ರೋಗಿ ವಿಶ್ರಾಂತಿಯ ವೇಳೆ ಪಟ್ಟಿ ತೆಗೆದಿಡುತ್ತಿರಬಹುದು' ಎಂದು ಬರೆದೆ. ದಿನಕ್ಕೆ ಆರೂವರೆ ಗಂಟೆ ಮಲಗುವ ಸುರಂಗದವನನ್ನು ನಾನು ಎಲ್ಲಿ ಕಂಡಿದ್ದೆನೋ ದೇವರೇ ಬಲ್ಲ.

ಅವರ ಹೆಂಡತಿ ದೇವಕಿ ಒಂದು ಗುರುವಾರ ಒಬ್ಬರೇ ಬಂದರು. ಎರಡು ಬಸ್ಸು ಬದಲಿಸಿ ಬಂದವರು, ಕೋಣೆಯೊಳಗೆ ಬಂದು ಕೂರಲೂ ಇಲ್ಲ.

"ಡಾಕ್ಟ್ರಮ್ಮ, ಇವರು ತೊಂಬತ್ತೊಂದು ಕೋಲು ಹೋದ್ರು," ಎಂದರು.

"ಎಲ್ಲಿಗೆ?"

"ಒಳಗೆ. ನಮ್ಮ ಮನೆಯ ಹಿಂದೆ, ಗುಡ್ಡಕ್ಕೆ. ನಮಗೆ ನೀರಿಗೆ ಎಂತ ಕಡಿಮೆ ಇಲ್ಲ, ಪಂಚಾಯತಿನ ನಳ್ಳಿ ಉಂಟು. ಮೂವತ್ತು ಕೋಲಿಗೆ ಬಿಡುವ ಜನ ಇವರು. ಮೂವತ್ತಕ್ಕೆ ಕೇಳಿದೆ, ಇನ್ನೊಂದು ಕೋಲು ಅಂದ್ರು. ನಲವತ್ತಕ್ಕೂ ಅದೇ. ಊಟಕ್ಕೆ ಕರೆದ್ರೆ ಇನ್ನೊಂದು ಕೋಲು. ಮಗಳ ಮಗುವಿಗೆ ಹೆಸರಿಡುವ ದಿವಸ ಕೂಡ ಇವರು ಒಳಗೆಯೇ."

ನಾನು ಸಮಾಧಾನದ ಮಾತೇನೋ ಹುಡುಕುತ್ತಿದ್ದೆ. ಅವರು ಕೈಚೀಲದಿಂದ ಕಾಗದದಲ್ಲಿ ಸುತ್ತಿದ ಹಿತ್ತಾಳೆಯ ಸಣ್ಣ ದೀಪವೊಂದನ್ನು ತೆಗೆದು ನನ್ನ ಮೇಜಿನ ಮೇಲಿಟ್ಟರು. ಒಣಗಿ ಧೂಳು ಹಿಡಿದಿತ್ತು.

"ಇದು ಅವರ ದೀಪ. ಎರಡು ತಿಂಗಳಿಂದ ಅಟ್ಟದಲ್ಲಿ ಬಿದ್ದಿತ್ತು. ಈಗ ತಲೆಗೆ ಕಟ್ಟುವ ಬ್ಯಾಟರಿ ಲೈಟು ತಂದಿದ್ದಾರೆ. ಎಣ್ಣೆ ದೀಪ ಸುಮ್ಮನೆ ಬಾಡ್ತದೆ, ಕೆಲಸ ನಿಲ್ತದೆ ಅಂತ. ಬ್ಯಾಟರಿಗೆ ಗಾಳಿ ಬೇಡವಲ್ಲ."

ಗ್ರಾಹಕಗಳ ಬಗ್ಗೆ ನಾನು ಓದಿದ ಎಲ್ಲ ಪುಸ್ತಕಗಳಿಗಿಂತ ಸ್ಪಷ್ಟವಾಗಿ ಆ ದೀಪ ಹೇಳುತ್ತಿತ್ತು, ನಮ್ಮ ಔಷಧಿ ಎರಡನೆಯ ಜಾತಿಯ ಬೀಗವನ್ನೂ ತೆರೆದಿದೆ ಎಂದು.

ಮರುದಿನವೇ ಕುಂಟಾಲಪಾದೆಗೆ ಹೋದೆ. ಗೇರುಮರಗಳ ನಡುವೆ ಹಂಚಿನ ಮನೆ, ಹಿಂದೆ ಮುರಕಲ್ಲಿನ ಕೆಂಪು ಗುಡ್ಡ, ಗುಡ್ಡಕ್ಕೊಂದು ಕಪ್ಪು ಬಾಯಿ. ಬಾಯಿಯ ಪಕ್ಕದ ಕಲ್ಲಿನಲ್ಲಿ ಸುಣ್ಣದಿಂದ ಎಳೆದ ಗೆರೆಗಳು, ಕೋಲಿಗೊಂದರಂತೆ. ಮೊದಲ ಮೂವತ್ತು ಗೆರೆ ಓರಣವಾಗಿದ್ದವು. ಆಮೇಲಿನವು ಅವಸರದಲ್ಲಿ ಎಳೆದವು, ಒಂದರ ಮೇಲೊಂದು ಹತ್ತಿಕೊಂಡಿದ್ದವು.

ಐತಪ್ಪ ನಾಯ್ಕರು ಹೊರಗೆ ಬಂದರು. ಮೈಯೆಲ್ಲ ಕೆಂಪು ಧೂಳು, ಮುಖ ಬೆಳಗುತ್ತಿತ್ತು. ಮೊದಲ ದಿನ ಕಂಡದ್ದಕ್ಕಿಂತ ಹತ್ತು ವರ್ಷ ಚಿಕ್ಕವರಂತೆ ಕಂಡರು. ನನಗೆ ತಾವೇ ಚಾ ಮಾಡಿ, ಲೋಟವನ್ನು ಬಸಿಯಿಲ್ಲದೆ ಅಂಗೈಯಲ್ಲಿಟ್ಟು ಕೊಟ್ಟರು. ಒಂದು ಹನಿ ತುಳುಕಲಿಲ್ಲ.

"ನಂಬರು ಸ್ವಲ್ಪ ಇಳಿಸುವ ಐತಪ್ಪಣ್ಣ," ಎಂದೆ.

"ಯಾಕೆ? ನಾನು ಸರಿ ಇದ್ದೇನಲ್ಲ."

"ತೊಂಬತ್ತೊಂದು ಕೋಲು ಸರಿಯಾ? ನೀವೇ ಹೇಳಿದ್ದು ಮೂವತ್ತು ಅಂತ."

"ಹೌದು, ಹೇಳಿದ್ದೆ. ಅದು ಹೆದರಿಕೆಯ ಲೆಕ್ಕ ಡಾಕ್ಟ್ರಮ್ಮ. ಜೀವಮಾನ ಇಡೀ ಹೆದರಿಕೊಂಡು ಎಷ್ಟು ಸುರಂಗ ಅರ್ಧಕ್ಕೆ ಬಿಟ್ಟೆನೋ. ಅದರಲ್ಲಿ ಎಷ್ಟರಲ್ಲಿ ಒಂದು ಕೋಲಿನ ಆಚೆಗೆ ನೀರಿತ್ತೋ, ಯಾರಿಗೆ ಗೊತ್ತು? ಈಗ ಹೆದರಿಕೆ ಇಲ್ಲ. ಗೋಡೆಗೆ ಕಿವಿ ಇಟ್ರೆ ಆಚೆಗೆ ನೀರು ಕೇಳ್ತದೆ ನನಗೆ."

ಅವರ ಮಾತಿನಲ್ಲಿ ತಪ್ಪು ಹುಡುಕಲು ನೋಡಿದೆ, ಸಿಗಲಿಲ್ಲ. ಹೆದರಿಕೆಯಿಂದ ಕಳೆದುಕೊಂಡದ್ದನ್ನು ಯಾರು ಎಣಿಸಿದ್ದಾರೆ? ನಾನೂ ಹೆದರಿಕೆಯಿಂದಲೇ ಮದುವೆ ಬಿಟ್ಟವಳು, ಹೆದರಿಕೆಯಿಂದಲೇ ಈ ಕೋಣೆಯಲ್ಲಿ ಹದಿನಾಲ್ಕು ವರ್ಷ ಕೂತವಳು. ಸರಿಯಾದ ಬುದ್ಧಿ ಯಾವ ನಂಬರಿನಲ್ಲಿದೆ ಎಂದು ಅವರಿಗೆ ಹೇಳಲು ನನಗೆ ಯಾವ ಅಧಿಕಾರವಿತ್ತು?

ನಮ್ಮ ನಿಯಮದ ಪ್ರಕಾರ ರೋಗಿ ಒಪ್ಪದೆ ನಂಬರು ಬದಲಿಸುವಂತಿರಲಿಲ್ಲ. ಅವರು ಒಪ್ಪಲಿಲ್ಲ. 'ಇಳಿಸಬಾರದು' ಎಂಬ ಕಾಗದಕ್ಕೆ ಗುಂಡಾದ ಅಕ್ಷರದಲ್ಲಿ, ಒಂದು ಚೂರೂ ಅಲುಗದ ಕೈಯಲ್ಲಿ, ಸಹಿ ಮಾಡಿಕೊಟ್ಟರು.

ಎರಡು ತಿಂಗಳಿಗೊಮ್ಮೆ ಪಂಪಿಗೆ ಔಷಧಿ ತುಂಬುವ ದಿನ ಎಲ್ಲರ ನಂಬರೂ ಅರ್ಧ ದಿನ ಮೂರಕ್ಕೆ ಇಳಿಯುತ್ತದೆ. ಐತಪ್ಪ ನಾಯ್ಕರ ಸರದಿ ಬಂದಾಗ ನಾನು ಕಾದುಕೊಂಡಿದ್ದೆ. ಮೂರರಲ್ಲಿ ಅವರು ಮಂಚದ ಅಂಚನ್ನು ಹಿಡಿದು ಕೂತಿದ್ದರು. ಮೈಯೆಲ್ಲ ನಡುಕ, ಕಣ್ಣಿನಲ್ಲಿ ನೀರು.

"ತೊಂಬತ್ತಾರು ಕೋಲು ಹೋಗಿದ್ದೇನೆ ಡಾಕ್ಟ್ರಮ್ಮ," ಎಂದರು ಪಿಸುದನಿಯಲ್ಲಿ, ಬೇರೆ ಯಾರೋ ಮಾಡಿದ್ದನ್ನು ದೂರುವಂತೆ. "ಎಣ್ಣೆ ದೀಪ ಇಲ್ಲದೆ. ಇಳಿಸಿ. ನನಗೆ ಹೆದರಿಕೆ ಆಗ್ತದೆ."

'ಇಳಿಸಬೇಕು' ಎಂಬ ಕಾಗದಕ್ಕೆ ಸಹಿ ಮಾಡಿದರು. ಅಕ್ಷರ ಇರುವೆ ಸಾಲಿನ ಹಾಗೆ ಚೆದುರಿ ಹೋಯಿತು.

ಎರಡು ಕಾಗದಗಳನ್ನೂ ಕೆದಿಲಾಯರ ಮುಂದಿಟ್ಟೆ. "ಇದರಲ್ಲಿ ಯಾವುದು ಅವರ ಒಪ್ಪಿಗೆ ಸಾರ್?" ಎಂದು ಕೇಳಿದೆ.

"ಎರಡೂ ಅವರದ್ದೇ ಜೆಸಿಂತಾ," ಎಂದರು. "ಫೈಲಿನಲ್ಲಿ ಮಾತ್ರ ಕೊನೆಯದ್ದು ನಡೆಯುತ್ತದೆ."

ನಾಲ್ಕಕ್ಕೆ ಇಟ್ಟೆ. ನನ್ನ ಎದೆಯ ಭಾರ ಇಳಿಯಿತೆಂದುಕೊಂಡೆ. ಆದರೆ ಅಷ್ಟರಲ್ಲಿ ಕಾಯಿಲೆ ಮುಂದೆ ಹೋಗಿತ್ತು, ನಾಲ್ಕು ಎಂಬುದು ಮೊದಲಿನ ನಾಲ್ಕಾಗಿ ಉಳಿದಿರಲಿಲ್ಲ. ಮೂರು ವಾರ ಐತಪ್ಪ ನಾಯ್ಕರು ಜಗಲಿಯ ಬೆಂಚಿನಲ್ಲಿ ಕೂತಲ್ಲೇ ಕೂತರು. ಕೂರಿಸಿದರೆ ಕೂತರು, ಮಲಗಿಸಿದರೆ ಮಲಗಿದರು. ಅನ್ನ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು. ನಾನು ಫೋನಿನಲ್ಲಿ ಏನು ಕೇಳಿದರೂ ಒಂದೇ ಉತ್ತರ. ನಂಬರು ಏರಿಸಲಾ? ಬೇಡ. ನಡೆಯಬೇಕೆಂದು ಆಸೆ ಇಲ್ಲವಾ? ಬೇಡ. ಮೊಮ್ಮಗುವನ್ನು ನೋಡಬೇಕಾ? ಬೇಡ. ಬೇಕು ಎನ್ನುವ ಬೀಗವೇ ಮುಚ್ಚಿಹೋಗಿತ್ತು.

ದೇವಕಿ ಮತ್ತೆ ಬಂದರು. ಈ ಸಲ ಕೂತರು.

"ಸ್ವಲ್ಪ ಮೇಲೆ ಮಾಡಿ ಡಾಕ್ಟ್ರಮ್ಮ. ಹೀಗೆ ನೋಡ್ಲಿಕ್ಕೆ ಆಗುವುದಿಲ್ಲ ನನಗೆ. ಗುಡ್ಡದ ಒಳಗೆ ಇದ್ದಾಗ ಸಾಯ್ತಾರೆ ಅಂತ ಹೆದರಿಕೆ ಇತ್ತು. ಈಗ ಮನುಷ್ಯನೇ ಇಲ್ಲ."

"ಏರಿಸಿದರೆ ಪುನಃ ಒಳಗೆ ಹೋಗ್ತಾರೆ ದೇವಕಿಯಕ್ಕ."

"ಹೋಗದ ಹಾಗೆ ಒಂದು ನಂಬರು ಇರುವುದಿಲ್ವಾ? ನಡೀಲಿಕ್ಕೆ ಆಗಬೇಕು, ಒಳಗೆ ಹೋಗಬಾರದು. ಅಷ್ಟೇ."

ಅಷ್ಟೇ. ನಮ್ಮ ಇಡೀ ಪ್ರಯೋಗಾಲಯ ಎಂಟು ವರ್ಷ ಹುಡುಕಿದ್ದು ಅದನ್ನೇ. ಅನ್ನವೂ ಇಳಿಯದ ಸ್ಥಿತಿಯಲ್ಲಿ ಹೆಂಡತಿಯ ಸಹಿ ನಡೆಯುತ್ತದೆ ಎಂದು ಕೆದಿಲಾಯರು ಹೇಳಿದ ಮೇಲೆ ಐದಕ್ಕೆ ಇಟ್ಟು ನೋಡಿದೆ, ಎದ್ದು ನಿಂತರು, ಹೆಜ್ಜೆ ಬರಲಿಲ್ಲ. ಐದೂವರೆಯಲ್ಲೂ ಹಾಗೇ. ಆರಕ್ಕೆ ಇಟ್ಟೆ. ನಡೆದರು, ಉಂಡರು, ನಕ್ಕರು. ನಾಲ್ಕನೆಯ ದಿನ ಪಿಕಾಸಿ ಕೇಳಿದರು. ದೇವಕಿ ಬಚ್ಚಿಟ್ಟಿದ್ದರು. ಐದನೆಯ ದಿನ ನೆರೆಮನೆಯಿಂದ ಪಿಕಾಸಿ ತಂದರು.

ಆಗ ನಾನು ಎರಡು ಕೆಲಸ ಮಾಡಿದೆ. ಎರಡೂ ಆಗ ಜಾಣತನದ ಕೆಲಸಗಳಾಗಿ ಕಂಡವು. ಗುಡ್ಡದೊಳಗೂ ಪಟ್ಟಿಯ ಸುದ್ದಿ ಸಿಗಲೆಂದು ಸುರಂಗದುದ್ದಕ್ಕೂ ಅಲ್ಲಲ್ಲಿ ಇಡುವ ಸಣ್ಣ ಪೆಟ್ಟಿಗೆಗಳನ್ನು ಕಳಿಸಿದೆ, ಸಂಜ್ಞೆಯನ್ನು ಒಂದರಿಂದೊಂದಕ್ಕೆ ದಾಟಿಸುವಂಥವು. ಮತ್ತು ದೇವಕಿಗೆ ಹೇಳಿದೆ: "ಅವರನ್ನು ಒಬ್ಬರನ್ನೇ ಬಿಡಬೇಡಿ. ಹಿಂದೆ ಯಾರಾದರೂ ಇರಲಿ. ಎಣ್ಣೆ ದೀಪ ಇಟ್ಟುಕೊಂಡಿರಲಿ."

ಯಾರಾದರೂ ಎಂದರೆ ಬಾಬು. ದೇವಕಿಯ ತಮ್ಮ, ಐವತ್ತರ ಹತ್ತಿರದ ಮನುಷ್ಯ, ಮದುವೆಯಾಗದೆ ಅಕ್ಕನ ಮನೆಯಲ್ಲೇ ಇದ್ದವನು. ಇಪ್ಪತ್ತು ವರ್ಷ ಭಾವನ ಹಿಂದೆ ಬುಟ್ಟಿ ಹೊತ್ತವನು. ಕಾಯಿಲೆ ಬಂದು ಭಾವ ಕೆಲಸ ಬಿಟ್ಟ ಮೇಲೆ ಅವನೂ ಬಿಟ್ಟಿದ್ದ. ಅಕ್ಕ ಹೇಳಿದ್ದಕ್ಕೆ ಮರುಮಾತಾಡದೆ ಒಳಗೆ ಹೋದ. ದಿನಾ ಸಂಜೆ ಅವನೇ ನನಗೆ ಫೋನು ಮಾಡುತ್ತಿದ್ದ. "ದೀಪ ಸರಿ ಉರಿದಿದೆ ಡಾಕ್ಟ್ರೇ. ಒಂದು ಕೋಲು ಆಯ್ತು." ಒಂದು ಸಲ ಮಾತ್ರ ತಡೆದು ಹೇಳಿದ: "ಮಣ್ಣು ಸ್ವಲ್ಪ ಬಿಳಿ ಬರ್ತಾ ಉಂಟು. ನಾನು ಭಾವನಿಗೆ ಹೇಳಿದೆ. ಇನ್ನೊಂದು ಕೋಲು ನೋಡುವ ಅಂದ್ರು."

"ನೀವು ಹೊರಗೆ ಬನ್ನಿ ಬಾಬು. ನಾಳೆಯಿಂದ ಹೋಗಬೇಡಿ."

"ಅವರು ಒಬ್ಬರೇ ಆಗ್ತಾರಲ್ಲ ಡಾಕ್ಟ್ರೇ. ನೀವೇ ಅಲ್ವಾ ಒಬ್ಬರನ್ನೇ ಬಿಡಬೇಡಿ ಅಂದದ್ದು," ಎಂದ. ಅದರಲ್ಲಿ ಕೊಂಕೇನೂ ಇರಲಿಲ್ಲ.

ಆ ಸಂಜೆಯೇ ಐತಪ್ಪ ನಾಯ್ಕರಿಗೆ ಫೋನು ಮಾಡಿ ಇಳಿಸಲು ಒಪ್ಪಿಗೆ ಕೇಳಿದೆ. ಕೊಡಲಿಲ್ಲ. ಎಲೆಗಳ ಪರೀಕ್ಷೆಯನ್ನು ಮೊಬೈಲಿನಲ್ಲಿ ಕಳಿಸಿದೆ, ಅದರಲ್ಲಿ ಫೇಲಾದರೆ ನಿಯಮದ ಪ್ರಕಾರ ನಾನೇ ಇಳಿಸಬಹುದಿತ್ತು. ಪಾಪ, ನಾನು ಹೇಳಿದೆನೆಂದು ಕೂತು ಆಡಿದರು. 'ಸುರಕ್ಷಿತ' ಎಂದು ಬಂತು. ಔಷಧಿ ತುಂಬುವ ದಿನಕ್ಕೆ ಇನ್ನೂ ಒಂಬತ್ತು ದಿನವಿತ್ತು. ಆ ದಿನ ಅವರು ಮೂರಕ್ಕೆ ಇಳಿದು, ಹೆದರಿ, ಸಹಿ ಮಾಡುತ್ತಾರೆ. ಅಲ್ಲಿಯವರೆಗೆ ಕಾಯುವುದು ಎಂದುಕೊಂಡೆ.

ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆ ದಾಟಿತ್ತು. ಪರದೆಯ ಮೇಲೆ ಹದಿನೇಳನೆಯ ಗೀಟು, ಪಿಕಾಸಿ ಎತ್ತಿ ಇಳಿಸುವ ಹದವಾದ ಅಲೆ, ಇದ್ದಕ್ಕಿದ್ದಂತೆ ನಿಂತಿತು. ಅರ್ಧ ನಿಮಿಷ ಏನೂ ಇಲ್ಲ. ಆಮೇಲೆ ಬೇರೆಯೇ ಒಂದು ಅಲೆ ಶುರುವಾಯಿತು, ಚಿಕ್ಕದು, ಬಹಳ ವೇಗದ್ದು. ಅದೇನೆಂದು ನನಗೆ ತಿಳಿಯುವ ಮೊದಲೇ ಫೋನು ಬಂತು.

"ಕುಸಿಯಿತು," ಎಂದರು ದೇವಕಿ. ಓಡಿಬಂದ ಉಬ್ಬಸವಿತ್ತು. "ಬಾಬು ಬುಟ್ಟಿ ತಗೊಂಡು ಹೊರಗೆ ಬರ್ತಾ ಇದ್ದ. ಅವನ ಮೇಲೆ ಬಿತ್ತು. ಮಣ್ಣು ಬಿದ್ದ ನಂತರ ಇವರು ಪಕ್ಕದ ಸಂದಿಯಿಂದ ಹೇಗೋ ಈಚೆ ಬಂದಿದ್ದಾರೆ, ಈಚೆಯಿಂದ ಬಗೆದು ತೆಗೀತಾ ಇದ್ದಾರೆ. ಕೈಯಲ್ಲಿ. ಪಿಕಾಸಿ ತಾಗಿದ್ರೆ ಇನ್ನೂ ಬೀಳ್ತದೆ ಅಂತ. ಜನ ಬಂದಿದ್ದಾರೆ, ಯಾರೂ ಒಳಗೆ ಹೋಗುವುದಿಲ್ಲ. ಮೇಲಿನಿಂದ ಬೀಳ್ತಾನೇ ಉಂಟು."

"ಅಗ್ನಿಶಾಮಕದವರಿಗೆ ಹೇಳಿದ್ದೀರಾ?"

"ಹೇಳಿದ್ದಾರೆ. ಪುತ್ತೂರಿನಿಂದ ಬರಬೇಕು. ಡಾಕ್ಟ್ರಮ್ಮ, ಇವರನ್ನು ಕರೆದೆ. ಸುರಂಗದ ಬಾಯಲ್ಲಿ ನಿಂತು ಕರೆದೆ. ಇನ್ನೊಂದು ಕೋಲು ಅಂತಾರೆ. ಮಣ್ಣು ಇವರ ಬೆನ್ನಿನ ಮೇಲೆ ಬೀಳ್ತಾ ಉಂಟು, ಇವರಿಗೆ ಗೊತ್ತೇ ಆಗುವುದಿಲ್ಲ. ಇವರೂ ಹೋಗ್ತಾರೆ. ನೀವು ನಂಬರು ಇಳಿಸಿ. ಹೆದರಿಕೆ ಬರಲಿ ಇವರಿಗೆ, ಹೊರಗೆ ಬರ್ತಾರೆ."

"ಬಾಬು?"

ಆ ಕಡೆ ಜನರ ಗದ್ದಲ ಮಾತ್ರ ಕೇಳಿಸಿತು.

"ದೇವಕಿಯಕ್ಕ, ಬಾಬು ಮಾತಾಡ್ತಿದ್ದಾನಾ?"

"ಮೊದಲು ಭಾವಾ ಅಂತ ಕರೀತಿದ್ದ," ಎಂದರು. "ಈಗ ಕೇಳುವುದಿಲ್ಲ. ನನಗೆ ಕೇಳುವುದಿಲ್ಲ. ಇಳಿಸಿ ನೀವು."

ಕೆದಿಲಾಯರು ನನ್ನ ಬೆನ್ನ ಹಿಂದೆ ಬಂದು ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು. "ರೋಗಿಯ ಜೀವಕ್ಕೆ ಅಪಾಯ ಇದೆ, ಹತ್ತಿರದ ಸಂಬಂಧಿ ಒಪ್ಪಿದ್ದಾರೆ. ನಿಯಮದಲ್ಲಿ ಅವಕಾಶ ಇದೆ. ಎರಡನೆಯ ಕೋಣೆ ಬಿಡಿ," ಎಂದರು.

"ಒಳಗೆ ಇನ್ನೊಬ್ಬ ಇದ್ದಾನೆ ಸಾರ್."

"ಅವನು ನಮ್ಮ ರೋಗಿ ಅಲ್ಲ," ಎಂದರು. ಕ್ರೂರವಾಗಿ ಹೇಳಲಿಲ್ಲ. ಅವರ ಮುಖವೂ ಬೆಳ್ಳಗಾಗಿತ್ತು.

ಪರದೆ ನೋಡಿದೆ. ಹದಿನೇಳನೆಯ ಗೀಟು ಓಡುತ್ತಲೇ ಇತ್ತು. ನಾನು ಕಂಡ ಗೀಟುಗಳಲ್ಲೆಲ್ಲ ಅಷ್ಟು ಚೊಕ್ಕವಾದದ್ದು ಇನ್ನೊಂದಿಲ್ಲ. ಒಂದು ನಡುಕವಿಲ್ಲ, ಒಂದು ತಡವರಿಕೆಯಿಲ್ಲ. ಇದು ಔಷಧಿಯ ಹುಚ್ಚೋ, ಇಪ್ಪತ್ತು ವರ್ಷ ತನ್ನ ಹಿಂದೆ ಬುಟ್ಟಿ ಹೊತ್ತವನನ್ನು ಬಿಟ್ಟು ಬರಲಾರದ ಮನುಷ್ಯತ್ವವೋ? ಅದನ್ನು ಹೇಳುವ ಯಂತ್ರ ನನ್ನ ಕೋಣೆಯಲ್ಲಿರಲಿಲ್ಲ. ಎರಡಕ್ಕೂ ಬೀಗ ಒಂದೇ ಇರಬೇಕು.

"ಇಳಿಸಿ ಡಾಕ್ಟ್ರಮ್ಮ," ಎಂದರು ದೇವಕಿ ಮೂರನೆಯ ಸಲ. "ಒಬ್ಬರಾದರೂ ಬರಲಿ."

ಇಳಿಸಿದೆ. ಒಂದು ಗುಂಡಿ ಒತ್ತುವುದು, 'ಖಚಿತವೇ?' ಎಂದು ಅದು ಕೇಳುವುದು, ಮತ್ತೊಮ್ಮೆ ಒತ್ತುವುದು. ನಾನು ಕಳಿಸಿದ ಪೆಟ್ಟಿಗೆಗಳು ತಮ್ಮ ಕೆಲಸವನ್ನು ಚೆನ್ನಾಗಿ ಮಾಡಿದವು.

ಇಪ್ಪತ್ತು ನಿಮಿಷ ಪರದೆ ನೋಡುತ್ತ ಕೂತೆ. ಹನ್ನೆರಡನೆಯ ನಿಮಿಷದಲ್ಲಿ ಗೀಟಿಗೆ ಮೊದಲ ನಡುಕ ಬಂತು. ಹದಿನಾರರಲ್ಲಿ ಕೈ ನಿಂತು ನಿಂತು ಆಡತೊಡಗಿತು. ಹದಿನೆಂಟರಲ್ಲಿ ಬಗೆಯುವುದು ನಿಂತಿತು, ನಾಡಿ ನೂರ ನಲವತ್ತಕ್ಕೇರಿತು. ಆಮೇಲೆ ಕೈ ಮೊಣಕಾಲೂರಿ ತೆವಳುವವರ ಅಲೆ. ಅದು ಹೊರಗಿನ ಕಡೆಗೆ, ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ದಾಟುತ್ತ ಬಂತು.

ಅವರು ಹೊರಗೆ ಬಂದರು. ದೇವಕಿ ಫೋನಿನಲ್ಲಿ ಅತ್ತರು. ಏತಕ್ಕೆ ಅತ್ತರೆಂದು ನಾನು ಕೇಳಲಿಲ್ಲ.

ಅಗ್ನಿಶಾಮಕದವರು ಮರದ ಹಲಗೆ ಆನಿಸಿಕೊಂಡು ಒಳಗೆ ಹೋಗಿ ಬಾಬುವನ್ನು ಹೊರತೆಗೆಯುವಾಗ ಸಂಜೆ ನಾಲ್ಕು ಗಂಟೆ. ಬುಟ್ಟಿ ಮುಖದ ಮೇಲೆ ಕವುಚಿ ಬಿದ್ದು ಅದರೊಳಗೆ ಒಂದಿಷ್ಟು ಗಾಳಿ ಉಳಿದಿತ್ತಂತೆ. ಒಂದು ಗಂಟೆಯಾದರೂ ಬದುಕಿದ್ದ ಎಂದು ಶವ ಪರೀಕ್ಷೆಯವರು ಬರೆದರು. ಐತಪ್ಪ ನಾಯ್ಕರು ಬಗೆಯುವುದನ್ನು ನಿಲ್ಲಿಸಿದ ಜಾಗದಿಂದ ಅವನ ಕೈ ಇದ್ದದ್ದು ಒಂದು ಕೋಲು ದೂರದಲ್ಲಿ. ಆ ಅಳತೆಯನ್ನು ನಾನು ಎರಡು ಸಲ ಕೇಳಿ ಖಚಿತಪಡಿಸಿಕೊಂಡೆ.

ನೀರೂ ಇತ್ತು. ಹಲಗೆ ಆನಿಸಿದವರ ಕಾಲಿಗೆ ತಾಗಿತು. ಜೂಜಿನಲ್ಲಿ ಗೆಲ್ಲುವುದೂ ಉಂಟಲ್ಲ. ಈಗ ಅದು ಸುಣ್ಣದ ಗೆರೆಗಳ ಕೆಳಗಿನಿಂದ ಹರಿದು ರಸ್ತೆಯ ಚರಂಡಿಗೆ ಹೋಗುತ್ತದೆ. ದೇವಕಿ ಅದರಿಂದ ಒಂದು ಬಿಂದಿಗೆಯನ್ನೂ ತುಂಬಿಸಿಲ್ಲ.

ಔಷಧಿ ತುಂಬುವ ದಿನ ಅವರಿಬ್ಬರೂ ಬಂದರು. ಐತಪ್ಪ ನಾಯ್ಕರು ಗಾಲಿಕುರ್ಚಿಯಲ್ಲಿ, ದೇವಕಿ ಕೈಯಲ್ಲಿ ಫ್ಲಾಸ್ಕು. ನಂಬರು ಅಂದಿನಿಂದ ನಾಲ್ಕರಲ್ಲೇ ಇತ್ತು. ಫಾರಮಿನಲ್ಲಿ 'ಪ್ರಮಾಣ ಬದಲಿಸಿದ ಕಾರಣ' ಎಂಬಲ್ಲಿ ನಾನು 'ರೋಗಿಯ ಸುರಕ್ಷತೆ' ಎಂದು ಬರೆದಾಗಿತ್ತು. ಅದನ್ನು ಅವರಿಗೆ ಯಾರೂ ಓದಿ ಹೇಳಿರಲಿಲ್ಲ.

ದೇವಕಿ ಫ್ಲಾಸ್ಕಿನಿಂದ ಗಂಜಿತಿಳಿಯನ್ನು ಬಟ್ಟಲಿಗೆ ಬಗ್ಗಿಸಿ ಚಮಚದಲ್ಲಿ ಕುಡಿಸುತ್ತಿದ್ದರು. ಎರಡು ಚಮಚವಾದ ಮೇಲೆ ಐತಪ್ಪ ನಾಯ್ಕರು ಬಾಯಿ ಮುಚ್ಚಿದರು. ನನ್ನ ಕಡೆ ಕಣ್ಣು ತಿರುಗಿಸಿದರು. ಅವರ ಮಾತು ಈಗ ಬಹಳ ನಿಧಾನ.

"ಬಾಬು ಕರೀತಿದ್ದ ಡಾಕ್ಟ್ರಮ್ಮ. ಒಳಗಿನಿಂದ. ಸಣ್ಣ ಸ್ವರ."

"ಮಾತಾಡಬೇಡಿ ಐತಪ್ಪಣ್ಣ, ಆಯಾಸ ಆಗ್ತದೆ."

"ನನಗೆ ಕೇಳ್ತಿತ್ತು. ನಾನು ಬಗೀತಾ ಇದ್ದೆ. ಮತ್ತೆ, ಎಂತ ಆಯ್ತೋ, ಹೆದರಿಕೆ ಬಂತು. ಅಂಥ ಹೆದರಿಕೆ ನಾನು ಕಂಡೇ ಇಲ್ಲ. ಬಿಟ್ಟು ಬಂದೆ. ಒಳಗೆ ಜನ ಇರುವಾಗ ನಾನು ಮೊದಲು ಹೊರಗೆ ಬಂದೆ."

ಚಮಚ ಗಾಳಿಯಲ್ಲಿ ನಿಂತಿತ್ತು. ದೇವಕಿ ಅದನ್ನು ಇಳಿಸಲೂ ಇಲ್ಲ, ಮುಂದೆ ಒಯ್ಯಲೂ ಇಲ್ಲ. ಅವರ ಕಣ್ಣು ಚಮಚದ ಮೇಲೇ ಇತ್ತು.

"ಒಂದು ಕೇಳಬೇಕು ನಿಮ್ಮತ್ರ," ಎಂದರು ಐತಪ್ಪ ನಾಯ್ಕರು. ಉಸಿರು ಕೂಡಿಸಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು. "ಆ ಹೊತ್ತಿಗೆ ನಂಬರು ಆರೇ ಇತ್ತಲ್ವಾ?"

ಹೆದರಿಕೆ ನಿಮ್ಮದಲ್ಲ ಐತಪ್ಪಣ್ಣ, ನಾನು ಮೂರನೆಯ ಮಾಳಿಗೆಯಿಂದ ಕಳಿಸಿದ್ದು. ಇಷ್ಟು ಹೇಳಿದ್ದರೆ ಆ ಮನುಷ್ಯನ ಮೇಲಿನ ಗುಡ್ಡದಷ್ಟು ಭಾರ ಇಳಿಯುತ್ತಿತ್ತು. ಆಮೇಲೆ ಅವರು ಕೇಳುವ ಪ್ರಶ್ನೆ ಒಂದೇ ಉಳಿಯುತ್ತಿತ್ತು: ಯಾರು ಹೇಳಿದ್ದಕ್ಕೆ ಕಳಿಸಿದಿರಿ? ಅದಕ್ಕೆ ಉತ್ತರ ಅವರ ಪಕ್ಕದಲ್ಲೇ ಚಮಚ ಹಿಡಿದು ಕೂತಿತ್ತು. ಅವರಿಗೆ ಇನ್ನು ಮುಂದೆ ಅನ್ನ, ನೀರು, ನಡೆ, ಸ್ನಾನ ಎಲ್ಲವೂ ಆ ಕೈಯಿಂದಲೇ ಆಗಬೇಕಿತ್ತು.

"ಹೌದು," ಎಂದೆ. "ಆರೇ ಇತ್ತು."

ಐತಪ್ಪ ನಾಯ್ಕರು ತಲೆಯನ್ನು ಒಂದು ಸಲ ನಿಧಾನವಾಗಿ ಆಡಿಸಿದರು, ಮತ್ತೆ ಬಾಯಿ ತೆರೆದರು. ದೇವಕಿ ಗಂಜಿತಿಳಿಯನ್ನು ಬಾಯಿಗಿಟ್ಟರು. ನಡುಗುತ್ತಿದ್ದದ್ದು ದೇವಕಿಯ ಕೈ.